ಬೆಂಗಳೂರು–ಶಿವಮೊಗ್ಗ–ಶಿರಸಿ–ದಾಂಡೇಲಿ ಸುತ್ತು: ದಾರಿಯಲ್ಲಿ ಮರದ ಡಿಪೊ, ಮಿಲ್ಲು ನೋಡುವುದು ಹೇಗೆ?

ಉಳಿಬಾಚಿ (ಬೆಂಗಳೂರು):

ಜನವರಿ ಕೊನೆಯಲ್ಲಿ ಆರು ದಿನದ ಕಾರು ಪ್ರಯಾಣ: ಶಿವಮೊಗ್ಗ, ಸಾಗರ, ಶಿರಸಿ, ಯಲ್ಲಾಪುರ, ದಾಂಡೇಲಿ, ಧಾರವಾಡ, ಅಲ್ಲಿಂದ ವಾಪಸು. ಪೀಠೋಪಕರಣಕ್ಕೆ ಒಣಗಿದ ಹಲಗೆ ಬೇಕು. ತೇಗ 25 ಸಿಎಫ್‌ಟಿ (ಘನ ಅಡಿ), ಹಲಸು 15, ಹೊನ್ನೆ 10. ದಪ್ಪ ಒಂದು ಇಂಚು ಮತ್ತು ಒಂದೂವರೆ ಇಂಚು, ಉದ್ದ 6ರಿಂದ 8 ಅಡಿ. ಸರ್ಕಾರಿ ಡಿಪೊಗಳಲ್ಲಿ ಇಷ್ಟು ಸಣ್ಣ ಪ್ರಮಾಣ ಸಿಗುತ್ತದೆಯೇ? ಖಾಸಗಿ ಮಿಲ್ಲುಗಳನ್ನು ಹೊರಡುವ ಮೊದಲೇ ಗುರುತಿಸುವುದು ಹೇಗೆ? ಕಾರಿನ ಮೇಲೆ ಕ್ಯಾರಿಯರ್ ಇದೆ, ಸ್ವಲ್ಪವಾದರೂ ಜೊತೆಯಲ್ಲೇ ತರಬಹುದೇ?

ಮಲೆನಾಡ ಮಿಲ್ಲು:

ಸರ್, ಮೊದಲು ಸರ್ಕಾರಿ ಡಿಪೊ ವಿಷಯ. ಬೋರ್ಡಿನ ಮೇಲೆ 'ಸರ್ಕಾರಿ ನಾಟಾ ಸಂಗ್ರಹಾಲಯ' ಅಂತಿರುತ್ತದೆ. ನಿಮ್ಮ ದಾರಿಯಲ್ಲಿ ದಾಂಡೇಲಿ, ಮತ್ತೆ ಯಲ್ಲಾಪುರ–ಹುಬ್ಬಳ್ಳಿ ರಸ್ತೆಯ ಕಿರವತ್ತಿ ದೊಡ್ಡವು. ಅಲ್ಲಿ ಇರುವುದು ದಿಮ್ಮಿ, ಹಲಗೆಯಲ್ಲ. ಮಾರಾಟ ಲಾಟಿನ (ದಿಮ್ಮಿಗಳ ಗುಂಪಿನ) ಲೆಕ್ಕದಲ್ಲಿ, ಹರಾಜಿನಲ್ಲಿ. ನೋಂದಣಿ ಮಾಡಿಸಿ ಮುಂಗಡ ಠೇವಣಿ ಕಟ್ಟಿದವರಷ್ಟೇ ಬಿಡ್ ಮಾಡಬಹುದು. ಗೆದ್ದ ಲಾಟನ್ನು ಗಡುವಿನೊಳಗೆ ಎತ್ತದಿದ್ದರೆ ನೆಲಬಾಡಿಗೆ ಬೀಳುತ್ತದೆ. 25 ಸಿಎಫ್‌ಟಿ ಹಲಗೆಗಾಗಿ ಆ ದಾರಿ ಹಿಡಿಯಬೇಡಿ.

ಆದರೂ ಡಿಪೊ ನೋಡಲೇಬೇಕು. ಒಳ್ಳೆಯ ತೇಗದ ದಿಮ್ಮಿಯ ತಲೆ (ಕೊಯ್ದ ತುದಿ) ಹೇಗಿರುತ್ತದೆ, ಚೇಗು (ಒಳಗಿನ ಗಟ್ಟಿ ಮರ) ಎಷ್ಟು, ಬಿಳಿ (ಹೊರಗಿನ ಮೆದು ಮರ) ಎಷ್ಟು, ನಡುವಿನ ಪೊಳ್ಳು ಹೇಗೆ ಕಾಣುತ್ತದೆ ಎಂಬುದನ್ನು ಅಷ್ಟು ಮರ ಒಂದೇ ಕಡೆ ಇಟ್ಟು ತೋರಿಸುವ ಜಾಗ ಬೇರೆಯಿಲ್ಲ. ಕಚೇರಿಯಲ್ಲಿ ಕೇಳಿ, ಅನುಮತಿ ಪಡೆದೇ ಒಳಗೆ ಹೋಗಿ. ಎರಡನೇ, ನಾಲ್ಕನೇ ಶನಿವಾರ ಕಚೇರಿ ರಜೆ. ಈಚಿನ ಹರಾಜಿನಲ್ಲಿ ಲಾಟು ಪಡೆದ ಮಿಲ್ಲುಗಳು ಯಾವುವು ಎಂದು ಅಲ್ಲೇ ವಿಚಾರಿಸಿ. ನಿಮಗೆ ಹಲಗೆ ಕೊಡುವವರು ಅವರೇ.

ಖಾಸಗಿ ಮಿಲ್ಲು ಹುಡುಕಲು ಮ್ಯಾಪಿನಲ್ಲಿ 'ಸಾ ಮಿಲ್', 'ಟಿಂಬರ್' ಎರಡೂ ಪದ ಹಾಕಿ, ಒಂದೊಂದು ಊರನ್ನೂ ಬೇರೆಬೇರೆಯಾಗಿ ನೋಡಿ. ಸಾಮಾನ್ಯವಾಗಿ ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕೈದು ಒಟ್ಟಿಗೇ ಇರುತ್ತವೆ. ಹೊರಡುವ ಎರಡು ದಿನ ಮೊದಲು ಫೋನ್ ಮಾಡಿ ಕೇಳಬೇಕಾದ್ದು ಇಷ್ಟೇ: ಕೊಯ್ದು ಎಷ್ಟು ತಿಂಗಳಾಯಿತು, ರೀಪು (ಗಾಳಿಯಾಡಲು ಹಲಗೆಗಳ ನಡುವೆ ಇಡುವ ಪಟ್ಟಿ) ಕೊಟ್ಟು ಅಟ್ಟಿ (ಒಂದರ ಮೇಲೊಂದು ಪೇರಿಸಿದ ರಾಶಿ) ಹಾಕಿದ್ದೀರಾ, ಬಿಡಿ ಹಲಗೆ ಆರಿಸಿಕೊಳ್ಳಲು ಬಿಡುತ್ತೀರಾ. ಮೂರನೆಯದಕ್ಕೆ 'ಅಟ್ಟಿ ಪೂರ್ತಿ ತಗೊಳ್ಳಿ' ಎಂದರೆ ಆ ಮಿಲ್ಲು ಪಟ್ಟಿಯಿಂದ ತೆಗೆಯಿರಿ. ಶಿರಸಿ, ಯಲ್ಲಾಪುರದ ಕಡೆ ತೇಗ ಎನ್ನುವುದಕ್ಕಿಂತ ಸಾಗವಾನಿ ಎಂದು ಕೇಳಿದರೆ ಮಾತು ಬೇಗ ಮುಂದುವರಿಯುತ್ತದೆ. ಊರಿನ ಬಡಗಿಗಳನ್ನೂ ಕೇಳಿ. ಯಾವ ಮಿಲ್ಲಿನಲ್ಲಿ ಹಳೆಯ ಸ್ಟಾಕ್ ಇದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಸುತ್ತಳತೆ:

ಮರ ಸಿಕ್ಕಿದ ಮೇಲೆ ದುಡ್ಡು ಸೋರುವುದು ಅಳತೆಯಲ್ಲಿ.

ಹಲಗೆಗೆ: ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಿ. 6 ಅಡಿ × 9 ಇಂಚು × 1 ಇಂಚು ಅಂದರೆ 54 ÷ 144 = 0.375 ಸಿಎಫ್‌ಟಿ. ಬಿಲ್ಲಿನಲ್ಲಿ ಒಂದು ಇಂಚು ಎಂದು ಬರೆದ ಹಲಗೆ ಕೈಗೆ ಬಂದಾಗ 22 ಮಿ.ಮೀ. ಇರುವುದುಂಟು. 25.4ರಲ್ಲಿ 3.4 ಹೋಯಿತು, ಅಂದರೆ ಕೊಟ್ಟ ಹಣದಲ್ಲಿ ಸುಮಾರು ಶೇ. 13. ರಂದ ಹೊಡೆದ ಮೇಲೆ ನಿಮಗೆ 19 ಮಿ.ಮೀ. ಕೂಡ ಉಳಿಯಲಿಕ್ಕಿಲ್ಲ. ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿರಲಿ. ಎರಡು ತುದಿ, ನಡು, ಮೂರೂ ಕಡೆ ಹಿಡಿದು ನೋಡಿ. ಬ್ಯಾಂಡ್ ಸಾ ಬ್ಲೇಡ್ ಮೊಂಡಾಗಿದ್ದರೆ ಹಲಗೆ ಅಲೆಯಾಗಿ ಕೊಯ್ದಿರುತ್ತದೆ, ತುದಿಯಲ್ಲಿ ಸರಿಯಿದ್ದು ನಡುವೆ ತೆಳ್ಳಗಿರುತ್ತದೆ.

ದಿಮ್ಮಿಗೆ ಲೆಕ್ಕ ಬೇರೆ: ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ವರ್ಗ ಮಾಡಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುತ್ತಾರೆ. ಸುತ್ತಳತೆ 48 ಇಂಚು, ಉದ್ದ 10 ಅಡಿ ಇದ್ದರೆ 12 × 12 × 10 ÷ 144 = 10 ಸಿಎಫ್‌ಟಿ. ನಿಜವಾದ ಗಾತ್ರ ಸುಮಾರು 12.7. ಕೊಯ್ಯುವಾಗ ಹೋಗುವ ಮರಕ್ಕೆ ಈ ಲೆಕ್ಕ ಮೊದಲೇ ಒಂದಷ್ಟು ಬಿಟ್ಟುಕೊಡುತ್ತದೆ. ತೊಗಟೆ ಸೇರಿ ಅಳೆದರೋ ಬಿಟ್ಟು ಅಳೆದರೋ ನೋಡಿಕೊಳ್ಳಿ.

ತೇವ: ಬೆಂಗಳೂರಿನ ಒಳಮನೆಗೆ ಶೇ. 10–12 ಬೇಕು. ತೇವ ಅಳೆಯುವ ಮೀಟರಿನ ಮುಳ್ಳನ್ನು ಹಲಗೆಯ ತುದಿಗೆ ಚುಚ್ಚಬೇಡಿ, ತುದಿ ಎಲ್ಲಕ್ಕಿಂತ ಮೊದಲು ಒಣಗಿರುತ್ತದೆ. ತುದಿಯಿಂದ ಒಂದಡಿ ಒಳಗೆ, ಅಟ್ಟಿಯ ನಡುವಿನ ಹಲಗೆಯಲ್ಲಿ ನೋಡಿ. ಮೀಟರಿನಲ್ಲಿ ಮರದ ಜಾತಿಯ ಸೆಟ್ಟಿಂಗ್ ಬದಲಿಸದಿದ್ದರೆ ಎರಡು ಮೂರು ಅಂಕ ತಪ್ಪಾಗಿ ತೋರಿಸಬಹುದು. ಬರೀ ಗಾಳಿಯಲ್ಲಿ ಒಣಗಿಸಿದ್ದಾದರೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಒರಟು ಲೆಕ್ಕ. 'ಮೂರು ತಿಂಗಳಿಂದ ಒಣಗಿದೆ' ಎನ್ನುವ ಒಂದೂವರೆ ಇಂಚಿನ ಹಲಗೆಯನ್ನು ಟೇಬಲ್ ಮಾಡಲು ಬಳಸಿದರೆ ಮೊದಲ ಬೇಸಿಗೆಯಲ್ಲೇ ಜೋಡಣೆ ಬಿಡುತ್ತದೆ.

ಬಿಳಿ ಭಾಗ ಇರುವ ಹಲಗೆಯಲ್ಲಿ ಸೂಜಿಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ. ಅಂಥದ್ದನ್ನು ಒಂದೂ ತರಬೇಡಿ, ಮನೆಯ ಬೇರೆ ಮರಕ್ಕೂ ಹಬ್ಬುತ್ತದೆ.

ಸಾಗಣೆ:

ಕ್ಯಾರಿಯರ್ ವಿಚಾರ ಬಿಟ್ಟುಬಿಡಿ. ತೂಕ ನೋಡಿ: ಒಣಗಿದ ತೇಗ ಸಿಎಫ್‌ಟಿಗೆ ಸುಮಾರು 18–19 ಕೆ.ಜಿ., ಹಲಸು 17ರ ಆಸುಪಾಸು, ಹೊನ್ನೆ 22–23. ನಿಮ್ಮ ಪಟ್ಟಿ ಒಟ್ಟು 900 ಕೆ.ಜಿ. ದಾಟುತ್ತದೆ. ಸಾಮಾನ್ಯ ಕಾರಿನ ಚಾವಣಿ ಹೊರುವುದು 50–75 ಕೆ.ಜಿ. ಮರ ಹಸಿ ಇದ್ದರೆ ತೂಕ ಇನ್ನೂ ಹೆಚ್ಚು. ಸಾಮಾನ್ಯ ಟಾಟಾ ಏಸ್‌ಗೂ ಇದು ಅತಿಭಾರ. ಬೊಲೆರೊ ಪಿಕಪ್ ಬೇಕು, ಇಲ್ಲವೇ ಕಟ್ಟು ಕಟ್ಟಿಸಿ ಪಾರ್ಸೆಲ್ ಲಾರಿಗೆ ಹಾಕಿ.

ಹೋಗುವಾಗ ನೋಡಿ, ಆರಿಸಿದ ಪ್ರತಿ ಹಲಗೆಯ ತಲೆಗೆ ನಿಮ್ಮದೇ ಬಣ್ಣ ಬಳಿದು ನಂಬರ್ ಹಾಕಿ, ಪಕ್ಕದಲ್ಲಿ ಟೇಪ್ ಇಟ್ಟು ಫೋಟೊ ತೆಗೆದುಕೊಳ್ಳಿ. ನಂಬರುವಾರು ಅಳತೆಯ ಪಟ್ಟಿಗೆ ಮಿಲ್ಲಿನವರ ಸಹಿ ಹಾಕಿಸಿ, ಅಷ್ಟಕ್ಕೇ ಮುಂಗಡ ಕೊಡಿ. ಎಲ್ಲವನ್ನೂ ಎರಡೇ ಊರಲ್ಲಿ ಕೊಂಡರೆ ಒಂದೇ ಗಾಡಿಯಲ್ಲಿ ಬರುತ್ತದೆ. ಐದು ಊರಲ್ಲಿ ಹಂಚಿಕೊಂಡರೆ ಬಾಡಿಗೆಯೇ ಮರದ ಲಾಭ ತಿನ್ನುತ್ತದೆ.

ಕಾಗದ ಮುಖ್ಯ. ಜಿಎಸ್‌ಟಿ ಬಿಲ್ಲು, 50,000 ರೂಪಾಯಿ ಮೀರಿದರೆ ಇ-ವೇ ಬಿಲ್ಲು. ತೇಗ, ಹೊನ್ನೆಗೆ ಅರಣ್ಯ ಇಲಾಖೆಯ ಸಾಗಣೆ ಪಾಸ್ ವಿಷಯವನ್ನು ಮಿಲ್ಲಿನವರ ಹತ್ತಿರ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಪಾಸಿನಲ್ಲಿ ವಾಹನ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ಮರದ ಜಾತಿ, ಅಳತೆ, ಗಡುವು ಇರುತ್ತವೆ. ಗಾಡಿ ಕೆಟ್ಟು ಬೇರೆ ಗಾಡಿಗೆ ತುಂಬಿದರೆ ಹಳೆಯ ಪಾಸ್ ನಡೆಯುವುದಿಲ್ಲ, ತಿದ್ದಿಸಬೇಕು. ತನಿಖಾ ಠಾಣೆಯಲ್ಲಿ ಬಿಲ್ಲಿನ ಅಳತೆಗೂ ಗಾಡಿಯಲ್ಲಿರುವ ಅಳತೆಗೂ ತಾಳೆ ಬೀಳದಿದ್ದರೆ ಮರ ಅಲ್ಲೇ ಉಳಿಯುತ್ತದೆ. 'ಬಿಲ್ಲು ಬೇಡ ಅಂದ್ರೆ ಕಡಿಮೆ ಮಾಡ್ತೀನಿ' ಎಂಬ ಮಾತಿಗೆ ಒಪ್ಪಲೇಬೇಡಿ.

ಉಳಿಬಾಚಿ (ಬೆಂಗಳೂರು):

ಎಲ್ಲರಿಗೂ ಧನ್ಯವಾದ. ಇನ್ನೆರಡು ಪ್ರಶ್ನೆ. ಮಿಲ್ಲಿನಲ್ಲೇ ಒಂದು ತೇಗದ ದಿಮ್ಮಿ ಕೊಂಡು ಕೊಯ್ಯಿಸಿದರೆ ಅಗ್ಗವಾಗುತ್ತದೆಯೇ? ಹೊನ್ನೆ ನಿಜವೋ ಅಲ್ಲವೋ ಅಂಗಡಿಯಲ್ಲೇ ತಿಳಿಯುವುದು ಹೇಗೆ?

ಮಲೆನಾಡ ಮಿಲ್ಲು:

ದಿಮ್ಮಿ ಕೊಂಡರೆ ಹಲಗೆಯ ಅಗಲ, ಎಳೆಯ ಹೊಂದಾಣಿಕೆ ನಿಮ್ಮ ಕೈಯಲ್ಲಿ. ಒಂದೇ ಮರದ ಹಲಗೆಗಳು ಸಾಲಾಗಿ ಸಿಗುತ್ತವೆ, ಟೇಬಲ್ ಮೇಲ್ಭಾಗಕ್ಕೆ ಅದರ ಸಮ ಬೇರೆಯಿಲ್ಲ. ನನ್ನ ಮಟ್ಟಿಗೆ ಮಾಡಬಹುದು.

ಸುತ್ತಳತೆ:

ಇದನ್ನು ನಾನು ಒಪ್ಪುವುದಿಲ್ಲ. ದಿಮ್ಮಿಯ ಅಳತೆಯಲ್ಲಿ 100 ಸಿಎಫ್‌ಟಿಗೆ ಬಿಳಿ, ಬಿರುಕು, ಗಂಟು ಕಳೆದು ಕೈಗೆ ಬರುವ ಒಳ್ಳೆಯ ಹಲಗೆ 60–65 ಎಂದು ಇಟ್ಟುಕೊಳ್ಳಿ. ಒಳಗೆ ಪೊಳ್ಳಿದ್ದರೆ ಇನ್ನೂ ಕಡಿಮೆ, ಆ ನಷ್ಟ ಪೂರ್ತಿ ನಿಮ್ಮದೇ. ಕೊಯ್ಯುವ ಕೂಲಿ ಬೇರೆ. ಮೇಲಾಗಿ ಸಿಗುವುದು ಹಸಿ ಹಲಗೆ. ತಲೆಗೆ ಮೇಣ ಅಥವಾ ಪೇಂಟ್ ಬಳಿದು, ಒಂದೂವರೆ ಅಡಿಗೊಂದು ರೀಪು ಕೊಟ್ಟು, ಮೇಲೆ ಭಾರ ಹೇರಿ, ನೆರಳಲ್ಲಿ ವರ್ಷ ಕಾಯಲು ಜಾಗವಿದ್ದರೆ ಸರಿ. ಈ ವರ್ಷವೇ ಕೆಲಸ ಇದ್ದರೆ ಒಣಗಿದ ಹಲಗೆಯನ್ನೇ ಕೊಳ್ಳಿ.

ಹೊನ್ನೆಗೆ ಸುಲಭದ ಪರೀಕ್ಷೆ ಇದೆ. ಚೇಗಿನಿಂದ ನಾಲ್ಕು ಚಕ್ಕೆ ಕೆತ್ತಿ ಗಾಜಿನ ಲೋಟದ ನೀರಿಗೆ ಹಾಕಿ. ಸ್ವಲ್ಪ ಹೊತ್ತಿನಲ್ಲಿ ನೀರು ಕಂದು–ಹಳದಿಯಾಗುತ್ತದೆ, ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಅದೇ ಕುಲದ ಪಡಾಕ್ ಮರ ಕೂಡ ಹೀಗೆ ಹೊಳೆಯಬಹುದು, ಆದ್ದರಿಂದ ಬಣ್ಣ, ತೂಕವನ್ನೂ ಸೇರಿಸಿ ನೋಡಿ. ಹೊಳಪೇ ಬರದಿದ್ದರೆ ಆ ಹಲಗೆ ಬಿಡಿ. 'ಆಫ್ರಿಕನ್ ಟೀಕ್' ಎಂದರೆ ಇನ್ನೂ ಬಿಡಿಸಿ ಕೇಳಿ: ಆ ಹೆಸರಿನಲ್ಲಿ ಘಾನಾದ ತೋಪಿನ ನಿಜವಾದ ತೇಗವೂ ಬರುತ್ತದೆ, ತೇಗಕ್ಕೆ ಸಂಬಂಧವೇ ಇಲ್ಲದ ಇರೋಕೊ ಎಂಬ ಮರ ಕೂಡ ಬರುತ್ತದೆ.

ಸಾಗಣೆ:

ದಿನಗಳ ಹೊಂದಾಣಿಕೆ: ಶಿವಮೊಗ್ಗಕ್ಕೆ ಬೆಂಗಳೂರಿನಿಂದ ಸುಮಾರು 300 ಕಿ.ಮೀ., ಮೊದಲ ದಿನ ಹೋಗಿ ತಂಗಿ, ಮಿಲ್ಲುಗಳನ್ನು ಮರುದಿನ ಬೆಳಿಗ್ಗೆ ನೋಡಿ. ಮಧ್ಯಾಹ್ನದ ಮೇಲೆ ಲೋಡಿಂಗ್ ಶುರುವಾದರೆ ಅಟ್ಟಿ ಇಳಿಸಿ ತೋರಿಸಲು ಹಮಾಲರು ಸಿಗುವುದಿಲ್ಲ. ಭಾನುವಾರವನ್ನು ಪ್ರಯಾಣಕ್ಕೆ ಇಟ್ಟುಕೊಳ್ಳಿ. ಹಲಸನ್ನು ಸಾಗರ–ಶಿರಸಿ ನಡುವೆ ಕೇಳಿ, ತೇಗವನ್ನು ಯಲ್ಲಾಪುರ–ದಾಂಡೇಲಿ ಕಡೆಗೆ ಉಳಿಸಿಕೊಳ್ಳಿ. ಅಲ್ಲಿಂದ ಹುಬ್ಬಳ್ಳಿ ಅಥವಾ ಧಾರವಾಡಕ್ಕೆ ಮರ ತಲುಪಿಸಿದರೆ ಬೆಂಗಳೂರಿಗೆ ಪಾರ್ಸೆಲ್ ಲಾರಿ ಸುಲಭವಾಗಿ ಸಿಗುತ್ತದೆ. ಕಟ್ಟಿನ ಉದ್ದ 8 ಅಡಿ ಮೀರದಂತೆ ನೋಡಿಕೊಳ್ಳಿ, ಹಗ್ಗ ತಾಗುವ ಅಂಚಿಗೆ ಗೋಣಿ ಕೊಡಿಸಿ.