ಮನೆಯಲ್ಲೇ ಕಟ್ಟುವ ಸಬ್‌ಮರೀನ್‌ಗೆ ಕಿಟಕಿ ಕೂರಿಸುವುದು ಹೇಗೆ? ಬಲ್ಲವರು ತಿಳಿಸಿ

ಪ್ರಶ್ನೆ (ಮಿಷಿಗನ್‌ನಿಂದ)

ನಮಸ್ಕಾರ. ಇಲ್ಲಿನ ಸ್ನೇಹಿತರೊಬ್ಬರ ಜೊತೆ ಸೇರಿ ಇಬ್ಬರು ಕೂರುವ ಪುಟ್ಟ ಸಬ್‌ಮರೀನ್ ಕಟ್ಟುತ್ತಿದ್ದೇನೆ. ಮಾದರಿ ಅಮೆರಿಕದ ಸಬ್‌ಮರೀನ್ ವಿನ್ಯಾಸಕ ಜಾರ್ಜ್ ಕಿಟ್ರೆಜ್ ಅವರ ಕೆ-350. ಅದು 350 ಅಡಿ ಆಳಕ್ಕೆಂದು ರೂಪಿಸಿದ್ದು. ನಮಗೆ ಸಿಹಿನೀರಿನ ಸರೋವರದಲ್ಲಿ 60 ಮೀಟರ್ ಸಾಕು. ಗೋಪುರಕ್ಕೆ ನಾಲ್ಕು ಚಪ್ಪಟೆ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಕಿಟಕಿ, ನೋಟದ ವ್ಯಾಸ (ಆಚೆ ಕಾಣುವ ಭಾಗದ ಅಗಲ) 150 ಮಿ.ಮೀ. ದಪ್ಪ ಎಷ್ಟಿರಬೇಕು? ನೀರು ಜಿನುಗದಿರಲು ಬೋಲ್ಟ್ ಎಷ್ಟು ಬಿಗಿಯಬೇಕು? ಲೇತ್ ಕೆಲಸ ಬಲ್ಲವರೂ ದಯವಿಟ್ಟು ಹೇಳಿ.

ಅಬರ್ಡೀನ್‌ನಿಂದ, ಡೈವಿಂಗ್ ಚೇಂಬರ್‌ಗಳ ನಿರ್ವಹಣೆಯಲ್ಲಿರುವವರು

ದಪ್ಪದ ಲೆಕ್ಕ ಸುಲಭ. 60 ಮೀಟರಿನಲ್ಲಿ ಒತ್ತಡ ಚದರ ಸೆಂ.ಮೀ.ಗೆ ಸುಮಾರು 6 ಕೆ.ಜಿ. ಕಿಟಕಿಯ ಅಕ್ರಿಲಿಕ್ ಬಿಲ್ಲೆಯ ಹೊರವ್ಯಾಸ 190 ಮಿ.ಮೀ. ಅಂದುಕೊಂಡರೆ ಒಂದೊಂದು ಕಿಟಕಿಯ ಮೇಲೂ 1,700 ಕೆ.ಜಿ., ಅಂದರೆ ಎರಡು ಆಲ್ಟೊ ಕಾರು ಹತ್ತಿ ನಿಂತ ಹಾಗೆ. 25 ಮಿ.ಮೀ. ದಪ್ಪ ಇಟ್ಟರೆ ಬಿಲ್ಲೆಯ ನಡುವೆ ಬೀಳುವ ಎಳೆತ 6–7 ಮೆಗಾಪಾಸ್ಕಲ್. ಒಳ್ಳೆಯ ಅಕ್ರಿಲಿಕ್ 70ರ ಆಸುಪಾಸು ತಡೆಯುತ್ತದೆ. ಹತ್ತು ಪಟ್ಟು ಅತಿಯಾಯಿತೆಂದು ಇಳಿಸಲು ಹೋಗಬೇಡಿ. ಭಾರ ಹೊತ್ತಷ್ಟು ಹೊತ್ತೂ ಇದು ನಿಧಾನಕ್ಕೆ ಬಗ್ಗುತ್ತಿರುತ್ತದೆ, ಬಿಸಿಯಾದರೆ ಬಲ ಕಳೆದುಕೊಳ್ಳುತ್ತದೆ, ಪ್ರತಿ ಮುಳುಗಿಗೂ ಒಂದಿಷ್ಟು ದಣಿಯುತ್ತದೆ. ಮನುಷ್ಯರು ಕೂರುವ ಒತ್ತಡದ ಪಾತ್ರೆಗಳಿಗೆಂದೇ ಅಮೆರಿಕದಲ್ಲಿ ಪಿವಿಎಚ್‌ಒ-1 ನಿಯಮಾವಳಿ ಇದೆ. ಚಪ್ಪಟೆ ಕಿಟಕಿಯ ಹೊರವ್ಯಾಸ ನೋಟದ ವ್ಯಾಸದ 1.25 ಪಟ್ಟಾದರೂ ಇರಬೇಕೆನ್ನುತ್ತದೆ ಅದು. ಅಂಥ ಕಿಟಕಿಯ ಆಯಸ್ಸು ಮೂಲತಃ 10 ವರ್ಷ. ನನ್ನ ಗೀಚು ಲೆಕ್ಕ ನಂಬದೆ ಅದರ ಕೋಷ್ಟಕ ನೋಡಿ.

ಬೋಲ್ಟಿನ ಪ್ರಶ್ನೆಯೇ ತಲೆಕೆಳಗಾಗಿದೆ. ಇಳಿದಷ್ಟೂ ನೀರೇ ಕಿಟಕಿಯನ್ನು ಸೀಟಿಗೆ, ಅಂದರೆ ಅದು ಕೂರುವ ಉಕ್ಕಿನ ಅಂಚಿಗೆ, ಒತ್ತುತ್ತದೆ. ಕಿಟಕಿಯ ಮೇಲೆ ಬೋಲ್ಟ್ ಹಾಕಿ ಕೂರಿಸುವ ರಿಂಗಿಗೆ ಇರುವುದು ಎರಡೇ ಕೆಲಸ: ಒತ್ತಡವಿಲ್ಲದಾಗ ಸೀಲನ್ನು ಹಿಡಿದಿಡುವುದು, ಒಳಗೆ ಗಾಳಿಯ ಸಿಲಿಂಡರ್ ಸೋರಿ ಒತ್ತಡ ಏರಿದರೆ ಕಿಟಕಿ ಹೊರಕ್ಕೆ ಚಿಮ್ಮದಂತೆ ತಡೆಯುವುದು. ಅದಕ್ಕೆ ಹದವಾದ ಬಿಗಿ ಸಾಕು. ಅಕ್ರಿಲಿಕ್‌ಗೇ ತೂತು ಕೊರೆದು ಬೋಲ್ಟ್ ಹಾಕುವ ಯೋಚನೆ ಇದ್ದರೆ ಇವತ್ತೇ ಬಿಟ್ಟುಬಿಡಿ.

ಸುತ್ತ ಸಂದು ಬಿಡಲೇಬೇಕು. ಅಕ್ರಿಲಿಕ್ ಉಕ್ಕಿಗಿಂತ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ಟ್ರೇಲರ್ ಮೇಲೆ ಬಿಸಿಲಿಗೆ 50 ಡಿಗ್ರಿಯಾದ ಕಿಟಕಿ 4 ಡಿಗ್ರಿ ನೀರಿಗಿಳಿದರೆ, 190 ಮಿ.ಮೀ. ಬಿಲ್ಲೆ ತನ್ನ ಸೀಟಿಗಿಂತ ಅರ್ಧ ಮಿ.ಮೀ. ಹೆಚ್ಚು ಕುಗ್ಗುತ್ತದೆ. ಚಳಿಗಾಲದಲ್ಲಿ ಬಿಗಿಯಾಗಿ ಕೂರಿಸಿದ್ದು ಜುಲೈನಲ್ಲಿ ಹಿಗ್ಗಲು ಜಾಗವಿಲ್ಲದೆ ಅಂಚಿನಲ್ಲಿ ಸೀಳುತ್ತದೆ.

ಪೀಣ್ಯದಿಂದ, ಮೆಷಿನ್ ಶಾಪ್

ಸಬ್‌ಮರೀನ್ ಹತ್ತಿರದಿಂದ ಕಂಡವನಲ್ಲ ಸರ್, ಪ್ರೆಶರ್ ವೆಸಲ್ ಫ್ಲಾಂಜ್ ಮಾಡುವವನು. ಕಿಟಕಿ ಕೂರುವ ಸೀಟಿನ ರಿಂಗನ್ನು ಮೊದಲೇ ಫಿನಿಶ್ ಮಾಡಿ ಆಮೇಲೆ ಗೋಪುರಕ್ಕೆ ವೆಲ್ಡ್ ಮಾಡಬೇಡಿ. ವೆಲ್ಡಿಂಗ್ ಬಿಸಿಗೆ ಫೇಸ್ (ಬಿಲ್ಲೆ ಕೂರುವ ಸಮತಟ್ಟು ಮುಖ) ಸೊಟ್ಟಗೆ ಎಳೆದೇ ಎಳೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಅಂಥ ಫೇಸಿನ ಮೇಲೆ ನಿಮ್ಮ ಬಿಲ್ಲೆ ಎರಡೋ ಮೂರೋ ಉಬ್ಬಿನ ಮೇಲೆ ನಿಂತಿರುತ್ತದೆ, 25 ಮಿ.ಮೀ. ಇದ್ದರೇನು, 40 ಇದ್ದರೇನು! ಎರಡು ಮೂರು ಮಿ.ಮೀ. ಮಾಲು ಬಿಟ್ಟು ವೆಲ್ಡ್ ಮಾಡಿ, ಆಮೇಲೆ ಪೋರ್ಟಬಲ್ ಫೇಸಿಂಗ್ ಮೆಷಿನ್ ಕೂರಿಸಿ ಕಟ್ ಹೊಡೆಯಿರಿ. ಬ್ಲೂ (ಸಮತಟ್ಟು ನೋಡುವ ನೀಲಿ ಬಣ್ಣ) ಹಚ್ಚಿ ನೋಡಿ: ಸುತ್ತಲೂ ಒಂದೇ ಸಮ ಬಣ್ಣ ಬರಬೇಕು. ಒಳ ಅಂಚಿನ ಚೂಪು ಮುರಿಯಿರಿ. ಗೋಪುರಕ್ಕೆ ತೂತು ಮಾಡಿದ ಕಡೆ ಶೆಲ್ (ಗೋಪುರದ ಗೋಡೆ) ಬಲ ಕಳೆದುಕೊಂಡಿರುತ್ತದೆ, ಆ ಬಲವನ್ನೆಲ್ಲ ರಿಂಗೇ ವಾಪಸ್ ಕೊಡಬೇಕು; ತೆಳ್ಳಗಿನ ಪಟ್ಟಿ ಆಗುವುದಿಲ್ಲ.

ಬಿಲ್ಲೆಯ ಕೆಳಗೆ ಹಾಕುವ ಗ್ಯಾಸ್ಕೆಟ್ ತೆಳುವಾಗಿ, ಗಟ್ಟಿಯಾಗಿರಲಿ. ಸೋರುತ್ತದೆಂದು ದಪ್ಪ ಮೆತ್ತನೆ ರಬ್ಬರ್ ಇಡುವುದು ನಮ್ಮ ಕಡೆಯ ದೊಡ್ಡ ಚಟ.

ಪ್ರಶ್ನೆ ಕೇಳಿದವರು

ಪಾಲಿಕಾರ್ಬೊನೇಟ್ ಇನ್ನೂ ಗಟ್ಟಿ ಅಂತಾರಲ್ಲ?

ಅಬರ್ಡೀನ್‌ನಿಂದ

ಸುತ್ತಿಗೆ ಏಟಿಗೆ ಗಟ್ಟಿ, ನಿಜ. ಆದರೆ ನೀರಿನಡಿಯ ಕಿಟಕಿಗಳ ಮೇಲೆ ಅಮೆರಿಕದ ನೌಕಾಪಡೆ ದಶಕಗಟ್ಟಲೆ ಒಡೆದು ನೋಡಿ ಅಂಕಿಅಂಶ ಕಲೆಹಾಕಿದ್ದು ಅಕ್ರಿಲಿಕ್‌ಗೆ. ಅದರಲ್ಲೂ ಎರಕ ಹೊಯ್ದ ಅಕ್ರಿಲಿಕ್ ಬೇಕು, ಬೋರ್ಡ್ ಅಂಗಡಿಯ ಅಗ್ಗದ ಎಕ್ಸ್‌ಟ್ರೂಡೆಡ್ ಹಾಳೆ ಬೇಡ. ಕತ್ತರಿಸಿ ಲೇತ್‌ನಲ್ಲಿ ತಿರುಗಿಸಿದ ಮೇಲೆ ಒಲೆಯಲ್ಲಿಟ್ಟು ಅನೀಲ್ ಮಾಡಿಸಿ (ಒಳಗೆ ಉಳಿದ ಬಿಗಿತ ಹೋಗುವಂತೆ ಕಾಯಿಸುವುದು), ನಿಧಾನಕ್ಕೆ ತಣಿಸಲಿ.

ಸ್ಯಾನ್ ಡಿಯಾಗೊದಿಂದ

ಮೇಲಿನವರು ಬಿಟ್ಟದ್ದು ಒಂದಿದೆ: ಒರೆಸುವುದು. ಥಿನ್ನರ್, ಅಸಿಟೋನ್, ಸ್ಪಿರಿಟ್, ಅಮೋನಿಯಾ ಇರುವ ಗಾಜಿನ ಕ್ಲೀನರ್, ಯಾವುದೂ ಮುಟ್ಟಬಾರದು. ನಿಮ್ಮ ಸರೋವರದ ದಡದಲ್ಲಿ ಸೊಳ್ಳೆ ಔಷಧ ಬಳಿದ ಕೈಯೂ ಅಷ್ಟೇ ಅಪಾಯ. ಸೋಪಿನ ನೀರು, ಮೆತ್ತನೆ ಬಟ್ಟೆ, ಮುಗಿಯಿತು. ಟಾರ್ಚನ್ನು ಓರೆಯಾಗಿ ಹಿಡಿದಾಗ ಕೂದಲೆಳೆಯಂಥ ಬಿರುಕಿನ ಗೆರೆಗಳು ಮಿನುಗಿದರೆ ಆ ಕಿಟಕಿ ತೆಗೆದು ಬೇರೆ ಹಾಕಿ. ಪಾಲಿಶ್ ಮಾಡಿ ಮರೆಸಬೇಡಿ.

ಮಂಗಳೂರಿನಿಂದ, ನಿವೃತ್ತ ಮರೈನ್ ಎಂಜಿನಿಯರ್

ಆಳಸಮುದ್ರ ನೋಡಲು ಹೊರಟಿದ್ದ ಅಮೆರಿಕದ ವಿಲಿಯಂ ಬೀಬಿ ಮತ್ತು ಓಟಿಸ್ ಬಾರ್ಟನ್ ಬರ್ಮುಡಾದ ಬಳಿ ಇಳಿಸುತ್ತಿದ್ದ ಉಕ್ಕಿನ ಗೋಳದ ಕಿಟಕಿಗಳು 3 ಇಂಚು ದಪ್ಪದ ಕ್ವಾರ್ಟ್ಜ್. 1932ರಲ್ಲಿ ಹೊಸ ಕಿಟಕಿ ಕೂರಿಸಿ, ಯಾರನ್ನೂ ಕೂರಿಸದೆ ಇಳಿಸಿ ಎತ್ತಿದರೆ ಗೋಳದ ತುಂಬ ನೀರು! ಅದೂ ಒತ್ತಡದಲ್ಲಿ. ಬಾಗಿಲಿನ ಬೋಲ್ಟ್ ಸಡಿಲಿಸುತ್ತಿದ್ದಂತೆ ಅದು ಗುಂಡಿನಂತೆ ಡೆಕ್ಕಿನ ಮೇಲೆ ಹಾರಿತು. ಕ್ವಾರ್ಟ್ಜ್ ಒಡೆದಿರಲಿಲ್ಲ, ಕೂರಿಸಿದ ಕಡೆ ಸೋರಿತ್ತು.

ಆದ್ದರಿಂದ ನೀವೂ ಮೊದಲು ಒಂದೊಂದು ಕಿಟಕಿಯನ್ನೂ ನಿಮ್ಮ 60 ಮೀಟರಿನ ಒತ್ತಡದ ಒಂದೂವರೆ ಪಟ್ಟಿನಲ್ಲಿ ಒಂದು ಗಂಟೆಯಾದರೂ ಪರೀಕ್ಷಿಸಿ. ಆಮೇಲೆ ಖಾಲಿ ಸಬ್‌ಮರೀನನ್ನೇ ಹಗ್ಗಕ್ಕೆ ಕಟ್ಟಿ, ನೀವು ಹೋಗುವುದಕ್ಕಿಂತ ಆಳಕ್ಕೆ ಇಳಿಸಿ ಎತ್ತಿ. ಮೇಲೆ ಬಂದ ಕೂಡಲೇ ಹ್ಯಾಚ್ ತೆರೆಯಬೇಡಿ. ಮೊದಲು ಒಂದು ಸಣ್ಣ ಕವಾಟದಿಂದ ಒಳಗಿನ ಒತ್ತಡ ಬಿಡಿ. ಆ ಕವಾಟ ನಿಮ್ಮ ನಕ್ಷೆಯಲ್ಲಿ ಇದೆಯೋ ಇಲ್ಲವೋ ನೋಡಿ ಹೇಳಿ.