ಸಂಘದ ಸಭೆಯಲ್ಲಿ ಮಾತು ಆರಂಭಿಸುವುದು ಹೇಗೆ? ಮೊಬೈಲ್ ಗುಂಪಿನಲ್ಲಿ ತರಬೇತುದಾರರೊಂದಿಗೆ ಪ್ರಶ್ನೋತ್ತರ

ಹುನಗುಂದದ ಶಿಕ್ಷಕ: ಮೇಡಂ, ಒಂದು ಚರ್ಚಾ ಗುಂಪಿನಲ್ಲಿ ಎಷ್ಟು ಜನರಿರಬೇಕು?

ತರಬೇತುದಾರರು: ಆರರಿಂದ ಎಂಟು ಜನರಿದ್ದರೆ ಚೆನ್ನ. ಅದಕ್ಕಿಂತ ಬಹಳ ಹೆಚ್ಚಾದರೆ ಎರಡು ಗುಂಪು ಮಾಡಿ ಸರ್.

ಇಳಕಲ್ಲಿನ ಸದಸ್ಯೆ: ಅಕ್ಕಾ, ನಮ್ಮದು ನೇಕಾರ ಮಹಿಳೆಯರ ಸಂಘ, ಹನ್ನೆರಡು ಜನ. ನಾನು ಕುರ್ಚಿಯಲ್ಲಿ, ಉಳಿದವರು ಜಮಖಾನೆಯ ಮೇಲೆ. ಸಾಲದ ಕಂತು ಬಾಕಿ ಇರುವವರ ಹೆಸರು ಓದಿ ಸಭೆ ಆರಂಭಿಸುತ್ತೇನೆ. ಆಮೇಲೆ "ಯಾರಿಗೆ ಏನು ಹೇಳುವುದಿದೆ?" ಎಂದರೆ ಎಲ್ಲರೂ ಮೌನ. ಮೊದಲು ತುಂಬಾ ಮಾತನಾಡುತ್ತಿದ್ದ ಒಬ್ಬಾಕೆ ಈಗ ಮೂರು ವಾರದಿಂದ ಬಾಗಿಲ ಬಳಿ ಕುಳಿತು, ಉಳಿತಾಯದ ಹಣವಷ್ಟೇ ಕೊಟ್ಟು ಎದ್ದು ಹೋಗುತ್ತಾಳೆ.

ಬೀಳಗಿಯ ಸದಸ್ಯ: ಇದಕ್ಕೆ ಒಂದು ಸಂದೇಶ ಬಂದಿದೆ: "ಚೀಟಿ ಎತ್ತಿಸಿ. ಹೆಸರು ಬಂದವರು ಮಾತನಾಡಲೇಬೇಕು, ಇಲ್ಲದಿದ್ದರೆ ಹತ್ತು ರೂಪಾಯಿ ದಂಡ. ಏಳೇ ದಿನದಲ್ಲಿ ಫಲ! ಎಲ್ಲರಿಗೂ ಕಳಿಸಿ."

ತರಬೇತುದಾರರು: ದಂಡ ಹಾಕಬೇಡಿ. ಕಂತಿಗೇ ಹಣ ಹೊಂದದವಳ ಮೌನಕ್ಕೂ ದಂಡವೇ?

ತಂಗೀ, ನಿನ್ನ ಪ್ರಶ್ನೆ ಓದಿದಾಗಿನಿಂದ ಬಾಗಿಲ ಬಳಿಯ ಆ ಹೆಣ್ಣುಮಗಳೇ ಕಣ್ಣ ಮುಂದಿದ್ದಾಳೆ. ಮೂರು ವಾರದ ಹಿಂದೆ ಆಕೆಯ ಹೆಸರೂ ಪಟ್ಟಿಯಲ್ಲಿ ಬಂದಿತ್ತಲ್ಲವೇ? ಇಂದೇ ಆಕೆಯ ಮನೆಗೆ ಹೋಗು, ಲೆಕ್ಕದ ಪುಸ್ತಕ ಒಯ್ಯಬೇಡ. ಬಾಕಿಯ ಮಾತನ್ನು ಒಬ್ಬೊಬ್ಬರೊಡನೆ ಬೇರೆಯಾಗಿ ಆಡು; ಸಭೆಯಲ್ಲಿ ಹೆಸರು ಓದುವುದು ನಿಲ್ಲಲಿ. ನೀನೂ ಜಮಖಾನೆಗೆ ಇಳಿ, ಎಲ್ಲರೂ ದುಂಡಗೆ ಕುಳಿತುಕೊಳ್ಳಿ. "ಏನು ಹೇಳುವುದಿದೆ" ಎಂದರೆ "ಏನೂ ಇಲ್ಲ" ಎಂದೇ ಉತ್ತರ ಬರುತ್ತದೆ. "ಈ ವಾರ ಸೆರಗಿನ ಎಳೆಗೆ ಕೊಂಡಿ ಹಾಕುವಾಗ ಎಲ್ಲಿ ತೊಡಕಾಯಿತು?" ಎಂದು ಕೇಳಿ ನೋಡು. ಮೊದಲು ಪಕ್ಕದವರೊಡನೆ ಇಬ್ಬಿಬ್ಬರೇ ಮಾತನಾಡಲಿ, ಆಮೇಲೆ ಎಲ್ಲರೆದುರು. ಕೇಳಿದ ಮೇಲೆ ನೀನು ಸುಮ್ಮನಿರಬೇಕು, ಅದೇ ಕಷ್ಟ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದಲ್ಲಿ ಮಕ್ಕಳ ಉತ್ತರ ಉದ್ದವಾಯಿತು. ನೀನು ಹತ್ತು ಸೆಕೆಂಡು ಕಾಯಿ.

ಬೀಳಗಿಯ ಸದಸ್ಯ: ಅಷ್ಟು ಹೊತ್ತು ಸುಮ್ಮನಿದ್ದರೆ ಜನ ಎದ್ದು ಹೋಗುತ್ತಾರೆ. ವಚನ ಹಾಡಿಸಿ ಆರಂಭಿಸಿ.

ಬಸವನ ಬಾಗೇವಾಡಿಯ ಸದಸ್ಯ: ಹಾಡಿದರೆ ಚರ್ಚೆಯಾಗುತ್ತದೆಯೇ? ಅನುಭವ ಮಂಟಪಕ್ಕೆ ಅಧ್ಯಕ್ಷರೇ ಇರಲಿಲ್ಲ, ಎಲ್ಲರೂ ಸಮಾನರಾಗಿ ಮಾತನಾಡಿದರು.

ಬೀಳಗಿಯ ಸದಸ್ಯ: ಅದರ ಅಧ್ಯಕ್ಷ ಪೀಠವಾದ ಶೂನ್ಯಪೀಠದಲ್ಲಿ ಅಲ್ಲಮಪ್ರಭುಗಳಿದ್ದರು. ಓದಿಕೊಂಡು ಬರೆಯಿರಿ.

ಬಸವನ ಬಾಗೇವಾಡಿಯ ಸದಸ್ಯ: ಬಸವಣ್ಣನವರು ಹುಟ್ಟಿದ ಊರಿನವನಿಗೆ ನೀವು ಪಾಠ ಹೇಳಬೇಡಿ.

ಬೀಳಗಿಯ ಸದಸ್ಯ: ಊರಿನ ಹೆಸರು ಹೇಳಿದರೆ ವಾದ ಗೆದ್ದಂತೆಯೇ?

ಬಾದಾಮಿಯ ಸದಸ್ಯೆ: ಮೇಡಂ, ಮೊಬೈಲ್‌ನಲ್ಲಿ ನಡೆಸುವ ಸಭೆಯನ್ನು ಹೇಗೆ ಆರಂಭಿಸುವುದು?

ಮುಧೋಳದ ಸದಸ್ಯ: ಗುಂಪಿನಲ್ಲಿ ಎಷ್ಟು ಜನರಿರಬೇಕು?

ತರಬೇತುದಾರರು: ಮೇಲೆ ಬರೆದಿದ್ದೇನೆ.

ಜಮಖಂಡಿಯ ಸದಸ್ಯೆ: ಒಬ್ಬರೇ ಮಾತನಾಡುತ್ತಿದ್ದರೆ?

ತರಬೇತುದಾರರು: "ನಿಮ್ಮ ಮಾತು ನಡಾವಳಿಯಲ್ಲಿ ಬರೆದುಕೊಂಡೆ, ಉಳಿದವರದ್ದೂ ಕೇಳೋಣ" ಎನ್ನಿ.

ಬೀಳಗಿಯ ಸದಸ್ಯ: ಇನ್ನೊಂದು ಸಂದೇಶ: "ಸಭೆಗೆ ಕಳೆ ತರುವ 21 ಆಟಗಳು. ಮೊದಲು ಬಲೂನು ಒಡೆಸಿ..."

ತರಬೇತುದಾರರು: ಇದನ್ನು ಅಳಿಸಿ. ದಿನವಿಡೀ ಮಗ್ಗದಲ್ಲಿ ದುಡಿದು ಬಂದವರ ಕೈಯಲ್ಲಿ ಬಲೂನು ಒಡೆಸುತ್ತೀರಾ? ಎರಡನೆಯ ಸಲ ಹೇಳುತ್ತಿದ್ದೇನೆ.

ಬೀಳಗಿಯ ಸದಸ್ಯ: ಒಳ್ಳೆಯದಕ್ಕೇ ಹಾಕಿದ್ದು. ಎಲ್ಲವೂ ನಿಮಗೊಬ್ಬರಿಗೇ ತಿಳಿದಿದೆಯೇ?

ಇಳಕಲ್ಲಿನ ಸದಸ್ಯೆ: ಅಕ್ಕಾ, ಈಗಷ್ಟೇ ಹೋಗಿ ಬಂದೆ. ಚಹಾ ಮಾಡಿದಳು. ಬಾಕಿಯ ಮಾತನ್ನು ನಾನೂ ತೆಗೆಯಲಿಲ್ಲ, ಆಕೆಯೂ ತೆಗೆಯಲಿಲ್ಲ. ಹೊರಡುವಾಗ "ಸೋಮವಾರ ಎಷ್ಟು ಗಂಟೆಗೆ?" ಎಂದು ಕೇಳಿದಳು.

ತರಬೇತುದಾರರು: ಸೋಮವಾರ ಆ ಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಹೋಗು. ಸಭೆ ಮುಗಿದ ಕೂಡಲೇ ನನಗೆ ಫೋನ್ ಮಾಡು.

ಬಾದಾಮಿಯ ಸದಸ್ಯೆ: ಮೇಡಂ, ನನ್ನ ಪ್ರಶ್ನೆ?