ಅಡಿಸ್ ಅಬಾಬಾದ ಎರಡು ರಾತ್ರಿಗಳು ಬೇಕೇ, ಬೇಡವೇ: ನಮ್ಮ ಮನೆಯ ವಾಟ್ಸಾಪ್ ಗುಂಪಿನ ಚರ್ಚೆ

ಭಾವ: ಪ್ರವಾಸ ಸಂಸ್ಥೆಯವರು ಕಳುಹಿಸಿರುವ ಕಾರ್ಯಕ್ರಮಪಟ್ಟಿಯನ್ನು ಮೇಲೆ ಹಾಕಿದ್ದೇನೆ, ಎಲ್ಲರೂ ನೋಡಿ. ಕೀನ್ಯಾಕ್ಕೆ ಹೋಗುವ ದಾರಿಯಲ್ಲಿ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಗುರುವಾರದಿಂದ ಶನಿವಾರದವರೆಗೆ ಎರಡು ರಾತ್ರಿ ತಂಗುವುದೆಂದು ಅದರಲ್ಲಿದೆ. ಅವೆರಡನ್ನು ಕೈಬಿಟ್ಟು ನೇರವಾಗಿ ಕೀನ್ಯಾದ ಮಸಾಯಿ ಮಾರಾ ವನ್ಯಧಾಮಕ್ಕೆ ಹೋಗುವುದು ಒಳ್ಳೆಯದೆಂದು ನನಗನ್ನಿಸುತ್ತದೆ. ಸಸ್ಯಾಹಾರಿಗಳಾದ ನಮಗೆ ಅಲ್ಲಿ ಊಟಕ್ಕೆ ತೊಂದರೆಯಾಗುತ್ತದೆ, ಕತ್ತಲಾದ ಮೇಲೆ ಕೋಣೆಯಲ್ಲಿ ಸುಮ್ಮನೆ ಕುಳಿತಿರಬೇಕಾಗುತ್ತದೆ.

ದೊಡ್ಡಪ್ಪ: ನನ್ನದೂ ಅದೇ ಅಭಿಪ್ರಾಯ. 1984ರ ಕ್ಷಾಮದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ ನನಗೆ, ಆ ದೇಶಕ್ಕೆ ರುಚಿಯನ್ನೂ ಸಂಗೀತವನ್ನೂ ಅರಸಿಕೊಂಡು ಹೋಗುವುದು ಸರಿಯೆನಿಸುವುದಿಲ್ಲ.

ನಾನು: ಭಾವ, ದೊಡ್ಡಪ್ಪ, ಕೆಲಸದ ನಿಮಿತ್ತ ಆ ಊರಿನಲ್ಲಿ ಇದ್ದು ಬಂದವಳಾಗಿ ನಾನು ಇದನ್ನು ಒಪ್ಪಲಾರೆ. ಮೊದಲು ಊಟದ ಮಾತು. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ವ್ರತ ಹಿಡಿಯುತ್ತಾರೆ. ಈಸ್ಟರ್‌ಗೆ ಮುಂಚಿನ 55 ದಿನಗಳೂ ಸೇರಿ ವರ್ಷದಲ್ಲಿ 180ಕ್ಕೂ ಹೆಚ್ಚು ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ನಾವು ಅಲ್ಲಿರುವ ಶುಕ್ರವಾರ ಸಾಮಾನ್ಯ ಹೋಟೆಲಿನಲ್ಲಿ ಕುಳಿತು 'ತ್ಸೋಮ್', ಅಂದರೆ ವ್ರತದ ಊಟ ಬೇಕೆಂದರೆ ಸಾಕು, ಅಗಲವಾದ ತಟ್ಟೆಯ ತುಂಬ ದೋಸೆಯಂಥ ಇಂಜೆರಾ ಹಾಸಿ, ಅದರ ಮೇಲೆ ಬರ್ಬೆರೆ ಎಂಬ ಮಸಾಲೆಪುಡಿಯ ಖಾರದ ಕೆಂಪು ಬೇಳೆ, ಕಡಲೆಹಿಟ್ಟಿನ ಗೊಜ್ಜಾದ ಶಿರೋ, ಸೊಪ್ಪು, ಬೀಟ್‌ರೂಟ್, ಎಲೆಕೋಸಿನ ಪಲ್ಯಗಳನ್ನು ಗುಪ್ಪೆಗುಪ್ಪೆಯಾಗಿ ಬಡಿಸುತ್ತಾರೆ. ಕೆಲವರು ವ್ರತದ ದಿನವೂ ಮೀನು ತಿನ್ನುತ್ತಾರಾದ್ದರಿಂದ, ಮೀನು ಬೇಡವೆಂದು ಮೊದಲೇ ಹೇಳಿಬಿಡಬೇಕು, ಅಷ್ಟೇ.

ಅಕ್ಕ: ಆ ಇಂಜೆರಾ ಹುಳಿಯಾಗಿರುತ್ತದೆ ಎಂದು ಕೇಳಿದ್ದೇನೆ. ಮಕ್ಕಳು ತಿಂದಾರೆಯೇ?

ನಾನು: ತಿನ್ನುತ್ತಾರೆ ಅಕ್ಕ. ಸಾಸಿವೆಗಿಂತಲೂ ಸಣ್ಣದಾದ ತೆಫ್ ಎಂಬ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುದುಗು ಬರಿಸಿ, 'ಮಿತಾದ್' ಎಂಬ ದೊಡ್ಡ ಮಣ್ಣಿನ ಕಾವಲಿಯ ಮೇಲೆ ಹೊರಸುತ್ತಿನಿಂದ ಒಳಸುತ್ತಿಗೆ ಹುಯ್ದು, ಮುಚ್ಚಳ ಮುಚ್ಚಿ ಬೇಯಿಸುತ್ತಾರೆ. ದೋಸೆಯಂತೆ ಮಗುಚಿ ಹಾಕುವುದಿಲ್ಲ. ಮೇಲ್ಭಾಗದಲ್ಲಿ ಸಾವಿರಾರು ಸಣ್ಣ ಕಣ್ಣುಗಳು ತೆರೆದುಕೊಳ್ಳುತ್ತವೆ, ಆ ಕಣ್ಣುಗಳೇ ಸಾರನ್ನು ಹೀರುವುದು. ಮನೆಮಂದಿಯೆಲ್ಲ ಒಂದೇ ತಟ್ಟೆಯ ಸುತ್ತ ಕುಳಿತು ಬಲಗೈಯಿಂದ ಮುರಿದು ತಿನ್ನುತ್ತಾರೆ; ಪ್ರೀತಿಪಾತ್ರರ ಬಾಯಿಗೆ ತಮ್ಮ ಕೈಯಾರೆ ತುತ್ತಿಡುವುದು ಅಲ್ಲಿ ಗೌರವದ ಸೂಚನೆ. ಕಾರ್ಯಕ್ರಮಪಟ್ಟಿಯಲ್ಲಿ ಶುಕ್ರವಾರ ರಾತ್ರಿಗೆ 'ಭಾರತೀಯ ಭೋಜನ' ಎಂದು ಬರೆದಿರುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಯಿತು.

ದೊಡ್ಡಪ್ಪ: ಊಟದ ಮಾತನ್ನು ಒಪ್ಪಿದೆ. ನನ್ನ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ.

ನಾನು: ಕ್ಷಾಮ ಸುಳ್ಳಲ್ಲ, ದೊಡ್ಡಪ್ಪ. ಅಂದಿನ ಮಿಲಿಟರಿ ಆಡಳಿತದ ಯುದ್ಧಗಳು ಅದನ್ನು ಇನ್ನಷ್ಟು ಭೀಕರಗೊಳಿಸಿದವು. ಆದರೆ 1974ರಲ್ಲಿ ಬಂದ ಅದೇ ಆಡಳಿತ ರಾತ್ರಿ ಕರ್ಫ್ಯೂ ಹೇರಿ ಆ ಊರಿನ ಸಂಗೀತವನ್ನೂ ಉಸಿರುಗಟ್ಟಿಸಿತು ಎಂಬುದನ್ನು ನಾವು ಓದಿರುವುದು ಕಡಿಮೆ. 1924ರಲ್ಲಿ ರಾಸ್ ತಫಾರಿ, ಅಂದರೆ ಮುಂದೆ ಚಕ್ರವರ್ತಿಯಾದ ಹೈಲೆ ಸೆಲಾಸಿ, ಜೆರುಸಲೇಮಿನಲ್ಲಿದ್ದ 40 ಮಂದಿ ಅರ್ಮೇನಿಯನ್ ಅನಾಥ ಹುಡುಗರನ್ನು ಕರೆತಂದು ಅರಮನೆಯ ವಾದ್ಯವೃಂದವನ್ನಾಗಿ ಮಾಡಿದರು. ಹಿತ್ತಾಳೆ ವಾದ್ಯಗಳ ಆ ಪರಂಪರೆ ಸ್ಥಳೀಯ ರಾಗಗಳೊಂದಿಗೆ ಬೆರೆಯುತ್ತ ಬೆಳೆದು, 1960ರ ದಶಕದ ಕೊನೆಗೆ ಅಡಿಸ್‌ನ ರಾತ್ರಿಗಳು ಆಫ್ರಿಕಾದಲ್ಲೇ ಹೆಸರಾದವು. ಸ್ಥಳೀಯ ರಾಗಗಳನ್ನು ಜಾಝ್ ಜೊತೆ ಬೆರೆಸಿದ ಸಂಗೀತಗಾರ ಮುಲಾತು ಅಸ್ತಾತ್ಕೆ ಅವರ ಇಥಿಯೋ-ಜಾಝ್ ಹುಟ್ಟಿದ್ದು ಆ ಕಾಲದಲ್ಲೇ. 1991ರಲ್ಲಿ ಆ ಆಡಳಿತ ಬಿದ್ದ ಮೇಲೆ ಊರು ತನ್ನ ರಾತ್ರಿಗಳನ್ನು ಮರಳಿ ಪಡೆಯಿತು. ಆ ಜನರನ್ನು ಹಸಿವಿನ ಚಿತ್ರದಲ್ಲಿ ಮಾತ್ರ ನೋಡುತ್ತ ಕೂತರೆ ಅವರಿಗೆ ಯಾವ ಉಪಕಾರವನ್ನೂ ಮಾಡಿದಂತಾಗುವುದಿಲ್ಲ; ಹಾಡುಗಾರನಿಗೂ ಇಂಜೆರಾ ಹುಯ್ಯುವ ಹೆಂಗಸಿಗೂ ನಮ್ಮ ಹಣ ತಲುಪಿದರೆ ಅದರಲ್ಲಿ ತಪ್ಪೇನಿದೆ?

ಭಾವ: ರಾತ್ರಿ ಎಂದರೆ ಕುಡಿತದ ಜಾಗಗಳು ತಾನೇ? ಮಕ್ಕಳನ್ನೂ ದೊಡ್ಡವರನ್ನೂ ಅಲ್ಲಿಗೆ ಕರೆದೊಯ್ಯಲಾದೀತೇ?

ನಾನು: ಕುಡಿತವಿರುವುದು ನಿಜ, ಭಾವ, ಜೇನಿನಿಂದ ಮಾಡಿದ 'ತೆಜ್' ಮದ್ಯವೇ. ಹುದುಗು ಬರಿಸದ ಜೇನುನೀರು 'ಬಿರ್ಜ್' ಎಂದು ಸಿಗುತ್ತದೆ, ನಾವು ಅದನ್ನು ತರಿಸಿಕೊಳ್ಳಬಹುದು. ನಾನು ಹೇಳುತ್ತಿರುವುದು 'ಅಜ್ಮಾರಿ ಬೆತ್'ಗಳನ್ನು, ಅಂದರೆ ಅಜ್ಮಾರಿ ಎಂಬ ಜನಪದ ಗಾಯಕರು ಹಾಡುವ ಮನೆಗಳನ್ನು ಕುರಿತು. ಅಲ್ಲಿ ಗಾಯಕನು ಒಂದೇ ತಂತಿಯ ಮಸಿಂಕೊ ಎಂಬ ವಾದ್ಯವನ್ನು ಕುದುರೆಕೂದಲಿನ ಕಮಾನಿನಿಂದ ನುಡಿಸುತ್ತ, ಎದುರಿಗೆ ಕುಳಿತವರ ಮೇಲೆಯೇ ಸ್ಥಳದಲ್ಲೇ ಪದ ಕಟ್ಟಿ ಹಾಡುತ್ತಾನೆ. ಹೊಗಳಿಕೆಯಂತೆ ಕೇಳುವ ಸಾಲಿನೊಳಗೆ ಕೆಣಕುವ ಇನ್ನೊಂದು ಅರ್ಥ ಅಡಗಿರುತ್ತದೆ. ನಡುವೆ ಮುಖ್ಯವಾಗಿ ಭುಜಗಳನ್ನು ಅದುರಿಸುವ ಎಸ್ಕಿಸ್ತಾ ಕುಣಿತವಿರುತ್ತದೆ. ಇಂತಹ ಮನೆಗಳಿಗೆ ಹೆಸರಾಗಿದ್ದ ಕಾಸಾಂಚಿಸ್ ಬಡಾವಣೆಯ ದೊಡ್ಡ ಭಾಗ ನಗರ ನವೀಕರಣದಲ್ಲಿ ಈಗಾಗಲೇ ನೆಲಸಮವಾಗಿದೆ. ಆದ್ದರಿಂದಲೇ, ಇನ್ನೊಮ್ಮೆ ನೋಡಿದರಾಯಿತು ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಮಕ್ಕಳಿಗೆ ಅದು ಬೇಡವೆಂದರೆ, ಊಟದ ಜೊತೆಗೆ ವೇದಿಕೆಯಲ್ಲಿ ಹಾಡು-ಕುಣಿತ ನಡೆಯುವ ಸಾಂಸ್ಕೃತಿಕ ಹೋಟೆಲುಗಳಿವೆ.

ಅಕ್ಕ: ಕಾಫಿಯ ಬಗ್ಗೆ ನೀನು ಇನ್ನೂ ಹೇಳಿಲ್ಲ. ತೋಟದ ಮನೆಯವರಾದ ನಮಗೆ ಅದು ಮುಖ್ಯವಲ್ಲವೇ?

ನಾನು: ಮುಖ್ಯವೇ ಅಕ್ಕ. ನಮ್ಮ ತೋಟದ ಅರೇಬಿಕಾದ ಮೂಲ ಇಥಿಯೋಪಿಯಾದ ನೈರುತ್ಯ ಭಾಗದ ಕಾಡುಗಳು. ಬಾಬಾ ಬುಡನ್ ಅವರು ತಂದರೆಂದು ನಾವು ನಂಬುವ ಬೀಜ ಯೆಮೆನ್ ದಾಟಿ ಬಂದದ್ದು. ಅಲ್ಲಿ ನೆಲಕ್ಕೆ ಹಸಿ ಹುಲ್ಲು ಹಾಸಿ, ಧೂಪ ಹಾಕಿ, ಹಸಿ ಬೀಜವನ್ನು ಎದುರಿಗೇ ತೊಳೆದು ಹುರಿದು, ಅದರ ಹೊಗೆಯ ಪರಿಮಳವನ್ನು ಪ್ರತಿಯೊಬ್ಬರ ಮುಂದೆ ಹಿಡಿಯುತ್ತಾರೆ. ಆಮೇಲೆ ಕುಟ್ಟಿ, 'ಜೆಬೆನಾ' ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಮೂರು ಸಲ ಬಗ್ಗಿಸುತ್ತಾರೆ. ಮೂರನೆಯದಕ್ಕೆ ಮೊದಲೇ ಎದ್ದು ಹೊರಡುವುದು ಮರ್ಯಾದೆಯಲ್ಲ. ಅದಕ್ಕೆ ಬಿಡುವು ಬೇಕು, ವಿಮಾನ ಬದಲಿಸುವ ಅವಸರದಲ್ಲಿ ಆಗದು.

ದೊಡ್ಡಪ್ಪ: ಹಾಗಿದ್ದರೆ ಶುಕ್ರವಾರದ ಊಟವೂ ಕಾಫಿಯೂ ಇರಲಿ. ಸಂಗೀತಕ್ಕೆ ನಾನೂ ಬರುತ್ತೇನೆ, ಆದರೆ ತಡವಾಗಬಾರದು.

ಭಾವ: ಎರಡು ರಾತ್ರಿಗಳನ್ನು ಉಳಿಸಿಕೊಳ್ಳುತ್ತೇನೆ. ರಾತ್ರಿ ಬೀದಿಯಲ್ಲಿ ನಡೆದಾಡುವುದು ಮಾತ್ರ ನನಗೆ ಈಗಲೂ ಒಪ್ಪಿಗೆಯಿಲ್ಲ.

ನಾನು: ಅದು ನ್ಯಾಯವಾದ ಮಾತು, ಭಾವ. ಹೋಟೆಲಿನವರ ಕಾರಿನಲ್ಲೇ ಹೋಗಿ ಅದರಲ್ಲೇ ಮರಳೋಣ. ಜೇಬುಗಳ್ಳರ ಕಾಟವಿರುವುದರಿಂದ ಪಾಸ್‌ಪೋರ್ಟ್‌ಗಳು ಕೋಣೆಯಲ್ಲೇ ಇರಲಿ. ಊರು ಸುಮಾರು 2,350 ಮೀಟರ್ ಎತ್ತರದಲ್ಲಿ, ಅಂದರೆ ಮುಳ್ಳಯ್ಯನಗಿರಿಗಿಂತಲೂ ಮೇಲಿದೆ. ದೊಡ್ಡಪ್ಪ ಮೊದಲ ದಿನ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಬೇಕು, ಎಲ್ಲರೂ ಸ್ವೆಟರ್ ತರಬೇಕು. ಇನ್ನೊಂದು ವಿಷಯ: ಅಲ್ಲಿನವರು ಸೂರ್ಯೋದಯದಿಂದ ಗಂಟೆ ಎಣಿಸುತ್ತಾರೆ, ಹಾಗಾಗಿ ಅವರ ಎರಡು ಗಂಟೆ ಎಂದರೆ ನಮ್ಮ ಎಂಟು. ಕಾರು ಹೇಳುವಾಗ ಯಾವ ಲೆಕ್ಕದ ಗಂಟೆ ಎಂಬುದನ್ನು ಭಾವ ಸ್ಪಷ್ಟಪಡಿಸಿಕೊಳ್ಳಲಿ.